ಶರಣ್ಯಳ ದ್ರವಸ್ಫಟಿಕ

ಚಾಮರಾಜಪೇಟೆಯ ಪ್ರತಿಭಾ ಮಲ್ಲೇಶ್ವರದ ಪ್ರಯೋಗಾಲಯವೊಂದಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಬಾಳೆಹಣ್ಣಿನ ಹಾಗೆ ಬಾಗಿದ ಅಣುಗಳಿಂದ ದ್ರವಸ್ಫಟಿಕ, ಅಂದರೆ ಟಿವಿ ಪರದೆಗಳಲ್ಲಿರುವಂಥ ಲಿಕ್ವಿಡ್ ಕ್ರಿಸ್ಟಲ್, ತಯಾರಿಸುವುದು ಅವಳ ಕೆಲಸ. ಅಣುಗಳು ಪದರಪದರವಾಗಿ ನಿಲ್ಲಬೇಕು, ವೋಲ್ಟೇಜ್ ಕೊಟ್ಟರೆ ಒಟ್ಟಿಗೆ ತಿರುಗಬೇಕು. ಅವಳು ಮಾಡಿದ್ದೆಲ್ಲ ತಣ್ಣಗಾಗುತ್ತಲೇ ಗಟ್ಟಿಯಾಗಿ ಕೂತುಬಿಡುತ್ತಿತ್ತು.

ಬಸವನಗುಡಿಯ ಶರಣ್ಯ ಅಲ್ಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಮಾಡಿದ ಮೊದಲ ದ್ರವಸ್ಫಟಿಕವೇ ವೋಲ್ಟೇಜಿಗೆ ತಿರುಗಿತು. ತಿರುಗಿದ ಗುರುತಾಗಿ ಮೈಕ್ರೋಸ್ಕೋಪಿನಲ್ಲಿ ಹಸಿರು ಹೋಗಿ ಕೇಸರಿ ಬಂದಾಗ ಪ್ರಯೋಗಾಲಯ ನಡೆಸುವ ಮೇಷ್ಟ್ರು ಮಧುಸೂದನ್ ಎಲ್ಲರನ್ನೂ ಕರೆದು ತೋರಿಸಿದರು. ಪ್ರತಿಭಾ ಕಣ್ಣಿಟ್ಟು ನೋಡಿ, "ಚೆನ್ನಾಗಿದೆ" ಅಂದಳು. ತನ್ನ ಮೇಜಿಗೆ ಮರಳಿ, ಗಟ್ಟಿಯಾಗಿ ಕೂತಿದ್ದ ತನ್ನ ಸೀಸೆಗಳನ್ನು ಕಪಾಟಿನೊಳಗೆ ತಳ್ಳಿದಳು.

ಅಂದಿನಿಂದ ಶರಣ್ಯಳ ನಗು, ಅವಳ ಡಬ್ಬಿಯ ಪುಳಿಯೋಗರೆ ಘಮ, "ಪ್ರತಿಭಕ್ಕ, ಒಂದ್ನಿಮಿಷ ಬರ್ತೀರಾ?" ಅನ್ನುವ ದನಿ, ಯಾವುದೂ ಪ್ರತಿಭಾಗೆ ಹಿಡಿಸದಾಯಿತು.

ಒಂದು ಮಧ್ಯಾಹ್ನ ಶರಣ್ಯಳ ಪರದೆಯ ಮೇಲೆ ಕರೆಂಟಿನ ಗೆರೆ ಕಂಡಿತು. ಪ್ಲಸ್ ಮೈನಸ್ ಅದಲುಬದಲಾಗಿ ವೋಲ್ಟೇಜ್ ಒಮ್ಮೆ ಮಗುಚಿದರೆ ಗೆರೆಯಲ್ಲಿ ಒಂದೇ ದಿಬ್ಬ. ಅಂದರೆ ಎಲ್ಲ ಪದರಗಳೂ ಒಂದೇ ಕಡೆ ಮುಖ ಮಾಡಿವೆ ಎಂದು ಶರಣ್ಯ ನಂಬಿದ್ದಳು. ಆದರೆ ವೋಲ್ಟೇಜ್ ತೀರಾ ಬೇಗ ಮಗುಚುತ್ತಿರುವುದನ್ನು ಪ್ರತಿಭಾ ಗಮನಿಸಿದಳು. ಅಲ್ಲೇ ಹೇಳುವ ಬದಲು ಶುಕ್ರವಾರದ ಸಭೆಯಲ್ಲಿ ಎಲ್ಲರೆದುರೇ ಹೇಳೋಣ ಅಂದುಕೊಂಡಳು. ಶೇಷಾದ್ರಿಪುರಂ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಆ ಮಾತನ್ನೇ ಮಸೆಯುತ್ತಿದ್ದಳು.

ಸಭೆಯಲ್ಲಿ ಶರಣ್ಯ ಮುಗಿಸುವ ಮೊದಲೇ ಪ್ರತಿಭಾ ಎದ್ದಳು. "ಇಷ್ಟು ಬೇಗ ಮಗುಚಿದ್ರೆ ಎರಡು ದಿಬ್ಬ ಸೇರಿ ಒಂದೇ ದಿಬ್ಬದ ಥರ ಕಾಣತ್ತೆ. ನಿಧಾನ ಮಾಡಿ ನೋಡಿದ್ಯಾ?"

ಶರಣ್ಯಳ ಮುಖ ಸಪ್ಪಗಾಯಿತು. ಪ್ರತಿಭಾಗೆ ಎಷ್ಟೋ ದಿನದ ಮೇಲೆ ಉಸಿರು ಹಗುರಾಯಿತು.

ಎಲ್ಲರೂ ಉಪಕರಣದ ಹತ್ತಿರ ಹೋದರು. ನಿಧಾನ ಮಾಡಿದ ಕೂಡಲೇ ಎರಡು ದಿಬ್ಬ ಎದ್ದವು. ವೋಲ್ಟೇಜ್ ಇಲ್ಲದಾಗ ಪಕ್ಕಪಕ್ಕದ ಪದರಗಳು ಎದುರುಬದುರು ದಿಕ್ಕಿಗೆ ಮುಖ ಮಾಡಿದ್ದವು. ವೋಲ್ಟೇಜ್ ಕೊಟ್ಟಾಗ ಒಂದೇ ಕಡೆ ನಿಂತು, ಅದು ಮಗುಚುವಾಗ ಮೊದಲು ಆ ಎದುರುಬದುರು ಸ್ಥಿತಿಗೆ ಮರಳಿ, ಆಮೇಲೆ ಆಚೆ ತಿರುಗುತ್ತಿದ್ದವು.

"ಅರೆ, ಎರಡು ಹೆಜ್ಜೆಯಲ್ಲಿ ತಿರುಗತ್ತೆ, ಇದು ಇನ್ನೂ ಚೆಂದ!" ಎಂದರು ಮಧುಸೂದನ್.

ಶರಣ್ಯ ಓಡಿ ಬಂದು ಪ್ರತಿಭಾಳ ಕೈ ಹಿಡಿದಳು. "ನೀವಿಲ್ದಿದ್ರೆ ತಪ್ಪು ಪೇಪರ್ ಕಳಿಸ್ಬಿಡ್ತಿದ್ದೆ, ಅಕ್ಕ."

ತಿದ್ದಿದ ಪೇಪರ್ ಅಚ್ಚಾಯಿತು. ಪ್ರತಿಭಾಳ ಗಂಡ ಗೌರೀಶ್ ಸಂಭ್ರಮದಿಂದ ಮೈಸೂರುಪಾಕು ತಂದ.

"ಮೊದಲನೇ ಹೆಸರು ಅವಳ್ದು," ಅಂದಳು ಪ್ರತಿಭಾ.

"ನಿಂದೂ ಇದೆಯಲ್ಲ?"

"ಇದೆ. ಎರಡನೇದು."

ಸೋಮವಾರ ಅವಳು ನೋಟ್‌ಬುಕ್ ಹಿಡಿದು ಶರಣ್ಯಳ ಮೇಜಿನ ಬಳಿ ಹೋದಳು. ಖಾಲಿ ಪುಟ ತೆರೆದು ಕೇಳಿದಳು: "ನನ್ದು ಇನ್ನೂ ಗಟ್ಟಿಯಾಗ್ತಿದೆ. ನಿನ್ನ ಅಣುವಿನ ತುದಿಯ ಇಂಗಾಲದ ಬಾಲ ಎಷ್ಟುದ್ದ ಇಟ್ಟಿದ್ದೆ, ಹೇಳ್ಕೊಡ್ತೀಯಾ?"

ಶರಣ್ಯ ಕುರ್ಚಿ ಎಳೆದು ಹಾಕಿದಳು. ಹೊಟ್ಟೆಯುರಿ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ, ಆದರೂ ಪ್ರತಿಭಾ ಕೂತಳು.