ಐದು ಬೆಲ್ಟು, ಆರು ಜನ

ಶಿವಮೊಗ್ಗದ ವಿದ್ಯಾನಗರದ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಹೊರಗೆ ಬಂದು ನೋಡಿದರೆ, ಎದುರು ಮನೆಯ ಗೇಟಿನಿಂದ ಒಂದು ದೊಡ್ಡ ಕಾರು ಅರ್ಧ ರಸ್ತೆಗೆ ಬಂದು ನಿಂತಿತ್ತು. ಯಾರೋ ಹೊರಡುತ್ತಿದ್ದಾರೆ ಅಂದುಕೊಂಡು ದಾರಿ ಬಿಟ್ಟು ಕಾದೆ. ಐದು ನಿಮಿಷವಾದರೂ ಕಾರು ಅಲುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಒಳಗೆ ಯಾರೂ ಇಲ್ಲ! ಆಮೇಲೆ ಗೊತ್ತಾಯಿತು, ಅದು ದಿನಾ ನಿಲ್ಲುವುದೇ ಹಾಗೆ. ಏಳು ಸೀಟಿನ ಗಾಡಿ, ಅಂಗಳದಲ್ಲಿ ಹಿಡಿಸುವುದಿಲ್ಲ. ಗೇಟು ಮುಚ್ಚಲು ಆಗುವುದಿಲ್ಲವೆಂದು ರಸ್ತೆಗೆ ಚಾಚಿದ ಕಾರಿನ ಭಾಗವನ್ನು ಬಳಸಿ ಎರಡೂ ಕದಗಳಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಆ ಮನೆಯಲ್ಲಿ ಇರುವವರು ಮಲ್ಲೇಶಪ್ಪ ಮತ್ತು ಅವರ ಹೆಂಡತಿ, ಇಬ್ಬರೇ.

ನಾನು ಭದ್ರಾವತಿಯಲ್ಲೇ ಹುಟ್ಟಿ ಬೆಳೆದವಳು. ಶಿವಮೊಗ್ಗಕ್ಕೆ ಅಲ್ಲಿಂದ ಅರ್ಧ ಗಂಟೆಯ ದಾರಿ. ಆದರೆ ನಾನು ಇಲ್ಲಿಗೆ ಬಂದದ್ದು ಜಪಾನಿನ ಮೇಲಿಂದ ಸುತ್ತು ಹಾಕಿ. ನನ್ನ ಗಂಡ ಬಸವರಾಜ್ ಎರಕದ ಕೆಲಸ ಕಲಿತವರು. ನಾಗೋಯಾ ಹತ್ತಿರದ ಒಂದು ಸಣ್ಣ ಊರಿನ ಫೌಂಡ್ರಿಯಲ್ಲಿ ಇವರಿಗೆ ಕೆಲಸ ಸಿಕ್ಕಿ, ಮದುವೆಯಾದ ವರ್ಷವೇ ಹೋದೆವು. ಹದಿನಾಲ್ಕು ವರ್ಷ ಅಲ್ಲಿದ್ದು, ಈಗ ಶಿವಮೊಗ್ಗದ ಫೌಂಡ್ರಿಯೊಂದಕ್ಕೆ ಇವರು ಸೇರಿದ್ದರಿಂದ ವಾಪಸ್ಸಾಗಿದ್ದೇವೆ. ಊರಿಗೆ ಬಂದೆ ಅಂತ ಎಲ್ಲರೂ ಹೇಳುತ್ತಾರೆ. ನನಗೇನೋ ಪರಊರಿಗೆ ಬಂದ ಹಾಗಿದೆ.

ಅಲ್ಲಿ ನಾನು ಓಡಿಸುತ್ತಿದ್ದ ಕಾರನ್ನು 'ಕೇ' ಅನ್ನುತ್ತಾರೆ. ಹಗುರ ಅಂತ ಅರ್ಥ. ಪುಟ್ಟ ಡಬ್ಬಿಯಂಥ ಕಾರು. ನಮ್ಮ ಬೀದಿಯಲ್ಲಿ ಎಲ್ಲರದ್ದೂ ಅದೇ, ನನಗೆ ಜ್ವರದ ಮಾತ್ರೆ ಕೊಡುತ್ತಿದ್ದ ಡಾಕ್ಟರದ್ದೂ ಅದೇ. ಕೇ ಕಾರುಗಳ ನಂಬರ್ ಪ್ಲೇಟು ಅಲ್ಲಿ ಹಳದಿ. ಮೊದಲ ಕಾರು ಕೊಂಡಾಗ ಅದರ ಪಕ್ಕ ನಿಂತು ಫೋಟೋ ತೆಗೆಸಿ ಅತ್ತೆಗೆ ಕಳಿಸಿದ್ದೆ. ಅರ್ಧ ಗಂಟೆಗೆ ಫೋನ್ ಬಂತು.

"ನಿಜ ಹೇಳು ಮಾರಾಯ್ತಿ, ಫ್ಯಾಕ್ಟ್ರಿ ಕೆಲ್ಸ ಹೋಯ್ತಾ? ಟ್ಯಾಕ್ಸಿ ಓಡಿಸ್ತಿದೀರಾ ಇಬ್ರೂ?"

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ ಗೌರತ್ತೆ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಒಂದೂವರೆ. ಅಪ್ಪ ಆಗಲೇ ಇರಲಿಲ್ಲ. ಇಬ್ಬರನ್ನೂ ಭದ್ರಾವತಿಯಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕಿದವರು ಗೌರತ್ತೆ ಮತ್ತು ಮಾವ. ಹಳದಿ ಪ್ಲೇಟು ಬಾಡಿಗೆ ಗಾಡಿಗೆ ಮಾತ್ರ ಅಂತ ಅವರ ಲೆಕ್ಕ. ಅಲ್ಲಿ ಮನೆಯ ಗಾಡಿಗೂ ಹಳದಿಯೇ ಅಂತ ಎಷ್ಟು ಹೇಳಿದರೂ ಒಂದು ತಿಂಗಳು ನಂಬಲಿಲ್ಲ.

ಒಮ್ಮೆ ನಮಗೂ ಆಸೆಯಾಗಿ ದೊಡ್ಡ ಕಾರು ನೋಡಲು ಹೋಗಿದ್ದೆವು. ಅಲ್ಲಿ ದೊಡ್ಡ ಕಾರು ಕೊಳ್ಳಬೇಕಾದರೆ ಅದನ್ನು ನಿಲ್ಲಿಸಲು ಜಾಗ ಇದೆ ಅಂತ ಮೊದಲು ಪೊಲೀಸರಿಂದ ಕಾಗದ ತರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ನಮ್ಮದು, ಅದನ್ನು ಟೇಪು ಹಿಡಿದು ಪಾಲಿಸುವವರು ಅವರು. ಪಕ್ಕದ ಮನೆಯ ಹಾರುಕೋ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ) ವಿಷಯ ಕೇಳಿ ಕಣ್ಣರಳಿಸಿದರು. "ನೀವಿರುವುದು ಇಬ್ಬರು. ಉಳಿದ ಸೀಟು ಯಾರಿಗೆ?" ಅಂದರು. ಕುಹಕವೇನಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಕಾರಿನ ಆಸೆ ಅಲ್ಲಿಗೇ ಬಿಟ್ಟೆವು.

ಹಾಗಾಗಿ ಶಿವಮೊಗ್ಗಕ್ಕೆ ಬಂದಮೇಲೂ ಒಂದು ಹಳೆಯ ಚಿಕ್ಕ ಕಾರನ್ನೇ ಕೊಂಡೆ. ಗಾಂಧಿ ಬಜಾರಿನ ಸಂದಿಗಳಲ್ಲಿ ಚಿಕ್ಕದೇ ಸಲೀಸು ಅನ್ನುವುದು ನನ್ನ ತಿಳುವಳಿಕೆ. ಅಲ್ಲಿ ನೋಡಿದರೆ ದೊಡ್ಡ ದೊಡ್ಡ ಗಾಡಿಗಳೇ ಎದುರುಬದುರು ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯುತ್ತಿದ್ದವು. ದಾರಿ ಬಿಡಬೇಕಾದದ್ದು ಮಾತ್ರ ಪ್ರತಿ ಸಲವೂ ನಾನೇ. ಬಟ್ಟೆ ಅಂಗಡಿಯವರು ನನ್ನ ಕಾರು ನೋಡಿ, "ಇಷ್ಟು ವರ್ಷ ಫಾರಿನ್ನಲ್ಲಿದ್ದು ಇದನ್ನ ತಗೊಂಡ್ರಾ ಮೇಡಂ?" ಅಂತ ಮರುಕಪಟ್ಟರು.

ಗೊಂದಲ ತಡೆಯಲಾರದೆ ಒಂದು ದಿನ ಮಲ್ಲೇಶಪ್ಪನವರನ್ನೇ ಕೇಳಿಬಿಟ್ಟೆ, ಇಬ್ಬರಿಗೆ ಏಳು ಸೀಟು ಯಾಕೆ ಅಂತ.

"ಯಾರಾದ್ರೂ ಬರ್ತೀವಿ ಅಂದ್ರೆ ಜಾಗ ಇಲ್ಲ ಅನ್ನೋಕಾಗುತ್ತೇನಮ್ಮ?" ಅಂದರು.

ಎಂಥ ದೊಡ್ಡ ಮಾತು ಅಂತ ತಲೆದೂಗಿದೆ. ಆಮೇಲೆ ಕಿಟಕಿಯಿಂದ ಒಳಗೆ ಇಣುಕಿದರೆ, ಹಿಂದಿನ ಎರಡೂ ಸಾಲಿನ ಸೀಟುಗಳಿಗೆ ಶೋರೂಮಿನ ಪ್ಲಾಸ್ಟಿಕ್ ಕವರು ಹಾಗೇ ಇತ್ತು. ಕೊಂಡು ಎರಡು ವರ್ಷವಾಯಿತಂತೆ. ಮತ್ತೆ ತಲೆ ಕೆಟ್ಟಿತು.

ನಾನು ದೊಡ್ಡ ತಪ್ಪು ಮಾಡಿದ್ದು ಆಮೇಲೆ. ತಮ್ಮನಿಗೆ ಮದುವೆ ಗೊತ್ತಾಗಿ, ಶಿವಮೊಗ್ಗದ ನೆಂಟರಿಗೆ ಲಗ್ನಪತ್ರಿಕೆ ಹಂಚಲು ಹೊರಡುವ ದಿನ ಬಂತು. ನಮ್ಮಲ್ಲಿ ಪತ್ರಿಕೆ ಅಂಚೆಯಲ್ಲಿ ಹಾಕಿದರೆ ಕರೆದ ಹಾಗಲ್ಲ. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಹಿರಿಯರು ಬಾಯಿಬಿಟ್ಟು ಕರೆಯಬೇಕು. ತಾಯಿಯ ಸ್ಥಾನದಲ್ಲಿ ನಿಂತು ಕರೆಯಬೇಕಾದವರು ಗೌರತ್ತೆ. ಬೆಳಿಗ್ಗೆ ನಾನೂ ಇವರೂ ಕಾರಿನಲ್ಲಿ ಭದ್ರಾವತಿಗೆ ಹೋದೆವು. ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ ಸೇರಿ ಐದು ಜನ ಅಂತ ಮೊದಲೇ ಎಣಿಸಿಕೊಂಡಿದ್ದೆ. ಚಿಕ್ಕಮ್ಮನ ಜೊತೆ ಅವರ ಅಕ್ಕನೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬರುವಷ್ಟರಲ್ಲಿ ಹಿಂದಿನ ಸೀಟು ತುಂಬಿತ್ತು.

"ಬೆಲ್ಟು ಐದೇ ಇರೋದು. ಆರು ಜನ ಆಗಲ್ಲ," ಅಂದೆ.

ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. "ಹೋಗ್ಲಿ ಬಿಡು, ನಾನು ಬಸ್ಸಲ್ಲಿ ಬರ್ತೀನಿ," ಅಂದರು.

ಇಲ್ಲೇ ನಾನು ಎಡವಿದ್ದು. ನಮ್ಮೂರಿನಲ್ಲಿ ಹಿರಿಯರು 'ಬಸ್ಸಲ್ಲಿ ಬರ್ತೀನಿ' ಅಂದರೆ ಅದು ಒಪ್ಪಿಕೊಳ್ಳಬೇಕಾದ ಮಾತಲ್ಲ. ಒಬ್ಬರು ಅಯ್ಯೋ ಅನ್ನಬೇಕು, ಇನ್ನೊಬ್ಬರು ಇಳಿಯಲು ಹೋಗಬೇಕು, ಎಲ್ಲರೂ ಅತ್ತಿತ್ತ ಜರುಗಿ ಎಲ್ಲಿಂದಲೋ ಒಂದು ಗೇಣು ಜಾಗ ಹುಟ್ಟಿಸಬೇಕು. ನಾನು ಹದಿನಾಲ್ಕು ವರ್ಷದಲ್ಲಿ ಅದನ್ನೆಲ್ಲ ಮರೆತು ಕೂತಿದ್ದೆ. "ಸರಿ ಅತ್ತೆ, ಶಿವಮೊಗ್ಗ ಸ್ಟ್ಯಾಂಡಲ್ಲಿ ಕಾಯ್ತಿರ್ತೀವಿ," ಅಂತ ಹೇಳಿ ಗಾಡಿ ಬಿಟ್ಟೆ.

ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಭದ್ರಾವತಿಯ ಬಸ್ಸುಗಳು ಒಂದರ ಹಿಂದೆ ಒಂದು ಬಂದವು, ಅತ್ತೆ ಯಾವುದರಿಂದಲೂ ಇಳಿಯಲಿಲ್ಲ. ಫೋನ್ ಮಾಡಿದರೆ ಮಾವ ಎತ್ತಿಕೊಂಡರು. "ಅವ್ಳು ಮನೇಲೇ ಇದಾಳೆ. ಬೇಳೆ ಬೇಯ್ಸಕ್ಕೆ ಇಟ್ಟಿದಾಳೆ," ಅಂದರು. ಅವತ್ತು ಪತ್ರಿಕೆ ಹಂಚಲೇ ಇಲ್ಲ. ಆಮೇಲೆ ಹತ್ತು ದಿನ ಅತ್ತೆ ನನ್ನ ಫೋನ್ ತೆಗೆಯಲಿಲ್ಲ. ತಮ್ಮನ ಕೈಯಲ್ಲಿ ಮಾತ್ರ ಒಂದು ಮಾತು ಹೇಳಿ ಕಳಿಸಿದ್ದರು: "ಮದ್ವೆ ದಿನ ಬಸ್ ಸಿಕ್ರೆ ಬರ್ತೀನಿ ಅಂತ ನಿಮ್ಮಕ್ಕಂಗೆ ಹೇಳು."

ತಾಯಿಯ ಜಾಗದಲ್ಲಿ ಅತ್ತೆ ಕೂರದಿದ್ದರೆ ತಮ್ಮನ ಮದುವೆ ಎಂಥ ಮದುವೆ? ಕೋಪವೂ ಬಂತು. ನಾನು ಹೇಳಿದ್ದು ತಪ್ಪಾ? ಹೈವೇಯಲ್ಲಿ ಆರು ಜನರನ್ನು ತುಂಬಿಕೊಂಡು ಹೋಗುವುದು ಸರಿಯಾ? ಇವರನ್ನು ಕೇಳಿದರೆ "ನೀನು ಹೇಳಿದ್ದು ಸರಿ, ಮಾಡಿದ್ದು ತಪ್ಪು," ಅಂದರು. ಅದು ನನಗೆ ಅರ್ಥವಾಗಲಿಲ್ಲ. ಬಹುಶಃ ಇವರಿಗೂ ಆಗಿರಲಿಲ್ಲ.

ಜಾಗವೇ ಸಮಸ್ಯೆಯಾದರೆ ಜಾಗವನ್ನೇ ಒಯ್ಯೋಣ ಅಂತ ಕೊನೆಗೆ ನಿರ್ಧರಿಸಿದೆ. ಮಲ್ಲೇಶಪ್ಪನವರು ಕೇಳಿದ ತಕ್ಷಣ ಕೀಲಿ ಕೊಟ್ಟರು. "ಪ್ಲಾಸ್ಟಿಕ್ ಮಾತ್ರ ಹರೀದೆ ಇರ್ಲಮ್ಮ," ಅಂದರು. ಅಷ್ಟು ಉದ್ದದ ಗಾಡಿ ಓಡಿಸಲು ನನಗೆ ಧೈರ್ಯ ಬರದೆ ನನ್ನ ಗಂಡನೇ ಓಡಿಸಿದರು. ಅತ್ತೆಯ ಮನೆಯ ಓಣಿಯಲ್ಲಿ ಅದು ತಿರುಗಲಿಲ್ಲ, ಮೂಲೆಯಲ್ಲೇ ನಿಲ್ಲಿಸಿದೆವು.

ಅತ್ತೆ ನನ್ನ ಹಟಕ್ಕೆ ಮೂಲೆಯವರೆಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆಸಿ, ಒಳಗೆ ನೋಡಿದರು.

"ಇಷ್ಟರಲ್ಲಿ ನಾನೊಬ್ಳೇ ಕೂರ್ಬೇಕಾ? ಮೆರವಣಿಗೆ ಏನಾದ್ರೂ ಇದ್ಯಾ?"

"ಅವತ್ತು ಜಾಗ ಸಾಲ್ಲಿಲ್ಲ ಅಂತ ಬೇಜಾರು ಮಾಡ್ಕೊಂಡ್ರಲ್ಲ ಅತ್ತೆ, ಅದಕ್ಕೆ..."

"ಜಾಗ ಸಾಲ್ದೇ ಇದ್ದಿದ್ದಕ್ಕಲ್ಲ ಕಣೇ." ಅತ್ತೆ ಕಾರಿನ ಬಾಗಿಲು ಹಾಕಿದರು. "'ಸ್ವಲ್ಪ ಸರ್ಕೊಳ್ಳಿ, ಅತ್ತೆ ಕೂರ್ಲಿ' ಅಂತ ಒಂದು ಮಾತು ಅನ್ಲಿಲ್ವಲ್ಲ ನೀನು. ಎಲ್ರೂ ಸರ್ಕೊಂಡು, ಆಮೇಲೂ ಆಗ್ದೇ ಇದ್ದಿದ್ರೆ ನಾನು ನಗ್ತಾ ಬಸ್ಸಿಗೆ ಹೋಗ್ತಿದ್ದೆ. ನೀನು ಬೆಲ್ಟು ಎಣಿಸ್ದೆ."

ನಡುಬೀದಿಯಲ್ಲಿ ನನಗೆ ಅಳು ಬಂತು. ತಪ್ಪಾಯ್ತು ಅಂದೆ. ಅತ್ತೆ ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿ, ಅದೇ ಸೆರಗಿನಿಂದ ತಮ್ಮದನ್ನೂ ಒರೆಸಿಕೊಂಡರು. ಆದರೆ ಹಟ ಬಿಡಲಿಲ್ಲ. "ಬಸ್ಸಲ್ಲಿ ಬರ್ತೀನಿ ಅಂದಿದ್ದೆ. ಬಸ್ಸಲ್ಲೇ ಬರ್ತೀನಿ."

ಈ ಸಲ ನನಗೆ ಹೊಳೆಯಿತು. "ಹಾಗಾದ್ರೆ ನಾನೂ ಬಸ್ಸಲ್ಲೇ ಬರ್ತೀನಿ," ಅಂದೆ. ಅತ್ತೆ ಬೇಡ ಅನ್ನಲಿಲ್ಲ. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು.

ಬಸ್ಸು ಕಿಕ್ಕಿರಿದಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬ ಹೆಂಗಸು ನುಗ್ಗೆಕಾಯಿಯ ಚೀಲ ಇಟ್ಟುಕೊಂಡು ಕೂತಿದ್ದರು. ಅತ್ತೆ ಅವರ ಪಕ್ಕ ಕೂತು, "ಸ್ವಲ್ಪ ಸರ್ಕೊಳಮ್ಮ, ನಮ್ಮುಡ್ಗಿ ಕೂರ್ಲಿ," ಅಂದರು. ಆ ಹೆಂಗಸು ಚೀಲವನ್ನು ಮಡಿಲಿಗೆ ಎತ್ತಿಕೊಂಡು ಕಿಟಕಿಗೆ ಅಂಟಿಕೊಂಡರು. ನನಗೆ ಅರ್ಧ ಸೀಟು ಸಿಕ್ಕಿತು. ಉಳಿದರ್ಧ ನಾನು ಓಡಾಡುವ ದಾರಿಯಲ್ಲಿದ್ದೆ. ಬಸ್ಸು ಹೊರಟಾಗ ನನ್ನ ಕೈ ತಾನಾಗಿ ಭುಜದ ಹತ್ತಿರ ಬೆಲ್ಟು ಹುಡುಕಿತು. ಭಯವೂ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅತ್ತೆ ಎಡಗೈಯಿಂದ ನನ್ನ ಸೊಂಟ ಬಳಸಿ ಹಿಡಿದುಕೊಂಡರು. ಈ ಹದಿನಾಲ್ಕು ವರ್ಷದಲ್ಲಿ ಯಾವ ಗಾಡಿಯಲ್ಲೂ ನನ್ನ ಭುಜಕ್ಕೆ ಇನ್ನೊಬ್ಬರ ಭುಜ ತಾಗಿರಲಿಲ್ಲ.

ಹಿಂತಿರುಗಿ ನೋಡಿದರೆ ಬಸ್ಸಿನ ಹಿಂದೆಯೇ ಮಲ್ಲೇಶಪ್ಪನವರ ಗಾಡಿ ಬರುತ್ತಿತ್ತು. ಇವರೊಬ್ಬರೇ ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಉಳಿದ ಆರು ಸೀಟು ಖಾಲಿ. ಅವು ಯಾರಿಗೆ ಅಂತ ಹಾರುಕೋ ಸಾನ್ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ! ನಮಗೆ ಎಷ್ಟು ದೊಡ್ಡ ಕಾರು ಬೇಕು ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

"ಸರಿಯಾಗಿ ಕೂತ್ಕೊಂಡ್ಯಾ?" ಅತ್ತೆ ಕೇಳಿದರು.

"ಅರ್ಧ ಕೂತಿದೀನಿ ಅತ್ತೆ," ಅಂದೆ.

"ಸಾಕು ಬಿಡು, ಬೀಳಲ್ಲ," ಅಂತ ಹೇಳಿ ಇನ್ನೂ ಸ್ವಲ್ಪ ಸರಿದರು.