ಐದು ಜನ ಕೇಳುಗರು

ಲೋವೆಲ್ ಟ್ಯಾಕೆಟ್ ಮೊದಲ ಸಲ ನನ್ನ ಕೌಂಟರಿಗೆ ಬಂದಾಗ ನಾನು ಅವನ ಮೇಲೆ ರೇಗಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಎಂದುಕೊಳ್ಳುವುದು ಬೇಡ.

ಒಹಾಯೊ ನದಿ ದಂಡೆಯ ನಮ್ಮ ಸಣ್ಣ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷದಿಂದ ನನ್ನದು ಒಂದೇ ಕೆಲಸ. ಬೇರೆ ಕಡೆ ಓದಿ ಬಂದವರ ಕ್ರೆಡಿಟ್‌ಗಳಲ್ಲಿ ಯಾವುದು ಇಲ್ಲಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಹೇಳುವುದು. ಬಾಯಿ ತೆಗೆದರೆ 'ನಡೆಯಲ್ಲ' ಅನ್ನುವವಳ ಹತ್ತಿರ ಯಾರು ತಾನೇ ನಿಂತು ಮಾತಾಡುತ್ತಾರೆ?

ಲೋವೆಲ್ ಶಾಲಾ ಬಸ್ಸಿನ ಡ್ರೈವರ್. ವಯಸ್ಸು ಅರವತ್ತೊಂದು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಆ ಎರಡರ ನಡುವೆ ನಮ್ಮಲ್ಲಿಗೆ ಬಂದು, ವರ್ಷಕ್ಕೆ ಎರಡು ವಿಷಯದಂತೆ, ಎರಡು ವರ್ಷದ ಡಿಗ್ರಿಯನ್ನು ಎಂಟು ವರ್ಷದಿಂದ ಓದುತ್ತಿದ್ದ. ಯಾವ ಡಿಗ್ರಿಯೇ ಆಗಲಿ, ಎಲ್ಲರೂ ಮುಗಿಸಲೇಬೇಕಾದ ವಿಷಯಗಳ ಪಟ್ಟಿಯೊಂದಿದೆ: ಗಣಿತ, ವಿಜ್ಞಾನ, ಇತಿಹಾಸ, ಭಾಷಣ. ಅವನಿಗೆ ಉಳಿದಿದ್ದು ಭಾಷಣ ಒಂದೇ.

ಅದಕ್ಕೆ ಅವಸರವೂ ಇತ್ತು. ಈ ಬೇಸಿಗೆ ರಜೆ ಕಳೆದು ಆಗಸ್ಟಿನಲ್ಲಿ ಶಾಲೆ ತೆರೆದ ಮೇಲೆ ಬಸ್ ಓಡಿಸುವಂತಿಲ್ಲ ಎಂದು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರು. ಮೇ ತಿಂಗಳೊಳಗೆ ಡಿಗ್ರಿ ತಂದರೆ ತರಗತಿಯಲ್ಲಿ ಟೀಚರಿಗೆ ಸಹಾಯಕನಾಗಿ ಇಟ್ಟುಕೊಳ್ಳುತ್ತೇವೆ ಎಂದು ಅವನು ಬಸ್ ಓಡಿಸುವ ಶಾಲೆಯ ಪ್ರಿನ್ಸಿಪಾಲರು ಹೇಳಿದ್ದರು. ತರದಿದ್ದರೆ ಬಸ್ಸಿನ ಮಕ್ಕಳೂ ಇಲ್ಲ, ಆಗಸ್ಟಿನಿಂದ ಅವನನ್ನು ಹೆಸರು ಹಿಡಿದು ಕರೆಯುವ ಜೀವ ಈ ಊರಲ್ಲಿ ಒಂದೂ ಇರುವುದಿಲ್ಲ.

"ಭಾಷಣ ನಾನು ಆಗ್ಲೇ ಓದಿದೀನಿ ಮೇಡಂ," ಎಂದು ಅವನು ಹಳದಿಯಾದ ಅಂಕಪಟ್ಟಿಯೊಂದನ್ನು ಮುಂದಿಟ್ಟ. ಮೂವತ್ತೈದು ವರ್ಷದ ಹಿಂದಿನದು. ಯಾವುದೋ ಸಣ್ಣ ಕಾಲೇಜು.

"ಪಾಠದ ವಿವರ ಇದೆಯಾ? ಏನು ಕಲಿಸಿದ್ರು, ಎಷ್ಟು ಭಾಷಣ ಮಾಡಿಸಿದ್ರು ಅಂತ?"

"ಆ ಕಾಲೇಜೇ ಮುಚ್ಚೋಯ್ತು. ಈಗ ಅಲ್ಲಿ ಟೈರ್ ಅಂಗಡಿ ಇದೆ."

"ಟೈರ್ ಅಂಗಡಿಯೋರು ಬರ್ಕೊಡಲ್ಲ ಅಲ್ವಾ? ಹಾಗಾದ್ರೆ ನಡೆಯಲ್ಲ ರೀ. ಇಲ್ಲೇ ಓದಿ."

ಇಲ್ಲಿಯದೂ ಸುಲಭವಿರಲಿಲ್ಲ. ಭಾಷಣದ ತರಗತಿ ಬೆಳಿಗ್ಗೆ ಎಂಟಕ್ಕೆ, ಆಗ ಅವನು ಬಸ್ಸಿನಲ್ಲಿ. ಸಂಜೆಯ ತರಗತಿ ಹತ್ತು ಜನ ಸೇರಲಿಲ್ಲ ಎಂದು ರದ್ದಾಗಿತ್ತು. ಉಳಿದದ್ದು ಆನ್‌ಲೈನ್. ಅದಕ್ಕೊಂದು ನಿಯಮ: ಭಾಷಣವನ್ನು ಕನಿಷ್ಠ ಐದು ಜನ ದೊಡ್ಡವರ ಮುಂದೆ ಮಾಡಿ ವಿಡಿಯೊ ಕಳಿಸಬೇಕು. ಮೊದಲಿನಿಂದ ಕೊನೆಯವರೆಗೆ ಐದೂ ಜನ ಕಾಣುತ್ತಿರಬೇಕು. ನಡುವೆ ಎಲ್ಲೂ ಕತ್ತರಿಸುವಂತಿಲ್ಲ.

"ದೊಡ್ಡೋರೇ ಆಗ್ಬೇಕಾ? ನನ್ ಬಸ್ಸಲ್ಲಿ ನಲವತ್ತೆರಡು ಜನ ಇದಾರೆ," ಎಂದ.

"ಎಷ್ಟನೇ ಕ್ಲಾಸೋರು?"

"ಎರಡು, ಮೂರು."

ನನಗೆ ರೇಗಿದ್ದು ಆಗಲೇ. ಹಿಂದೆ ಆರು ಜನ ಸಾಲಿನಲ್ಲಿ ನಿಂತಿದ್ದರು. "ಅಯ್ಯೋ, ಐದೇ ಐದು ಜನ ಕಣ್ರೀ! ಹುಟ್ಟಿದಾಗಿಂದ ಇದೇ ಊರಲ್ಲಿದೀರಿ, ಐದು ಜನ ಸಿಗಲ್ವಾ ನಿಮ್ಗೆ?"

ಅವನು ಬೆರಳು ಮಡಿಸಿ ಎಣಿಸತೊಡಗಿದ. ಒಂದು ಬೆರಳು ಮಡಿಸಿದ. ಎರಡನೆಯದನ್ನು ಮಡಿಸಿ, ಯೋಚಿಸಿ, ಮತ್ತೆ ಬಿಡಿಸಿದ. "ನೋಡ್ತೀನಿ ಮೇಡಂ," ಎಂದು ಅಂಕಪಟ್ಟಿ ಮಡಚಿಕೊಂಡು ಹೋದ.

ಆ ಸಂಜೆ ಮನೆಯಲ್ಲಿ ಸೂಪ್ ಬಿಸಿಗಿಟ್ಟು ಸುಮ್ಮನೆ ನಾನೂ ಎಣಿಸಿದೆ. ತಂಗಿ ಇರುವುದು ಅರಿಜೋನಾದಲ್ಲಿ, ಬರಲಾರಳು. ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿಲ್ಲ. ಆಫೀಸಿನ ಮರ್ಲಾ ಬಂದರೂ ಬಂದಾಳು. ಹಲ್ಲಿನ ಡಾಕ್ಟರನ್ನೂ ಸೇರಿಸಿಕೊಂಡೆ, ಎರಡಾಯಿತು. ನನಗೆ ನಾಚಿಕೆಯಾಯಿತು. ಮರುದಿನವೇ ಫೋನ್ ಮಾಡಿ, ನಾನು ಬಂದು ಕೂರುತ್ತೇನೆ ಎನ್ನಬಹುದಿತ್ತು. ಮಾಡಲಿಲ್ಲ.

ನಿಯಮದ ತಕರಾರುಗಳೂ ಕೊನೆಗೆ ಬರುವುದು ನನ್ನ ಹತ್ತಿರವೇ. ಏಪ್ರಿಲಿನಲ್ಲಿ ಅವನ ವಿಡಿಯೊ ನನ್ನ ಮೇಜಿಗೆ ಬಂತು. ಭಾಷಣ ಏಳು ನಿಮಿಷ ಮೀರಬಾರದು. ಅವನದು ಒಂಬತ್ತು ನಿಮಿಷ ನಲವತ್ತು ಸೆಕೆಂಡ್. ಇದನ್ನು ಒಪ್ಪಬೇಕೋ ತಳ್ಳಿಹಾಕಬೇಕೋ ನೀವೇ ಹೇಳಿ ಎಂದು ಭಾಷಣದ ಮೇಷ್ಟ್ರು ಚೀಟಿ ಬರೆದಿದ್ದರು. ತಳ್ಳಿಹಾಕಿದರೆ ಅವನು ಫೇಲು.

ಹಾಕಿ ನೋಡಿದೆ. ಕಾಸು ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿ. ಶನಿವಾರದ ಬೆಳಿಗ್ಗೆ. ಬಟ್ಟೆ ಒಗೆದಾಗುವವರೆಗೆ ಎಲ್ಲೂ ಹೋಗಲಾಗದ ಐದು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದಾರೆ. ಯಾರೂ ಅವನ ಪರಿಚಯದವರಲ್ಲ. ಒಬ್ಬೊಬ್ಬರ ಕೈಯಲ್ಲೂ ಅವನು ಮನೆಯಲ್ಲಿ ಮಾಡಿ ತಂದ ಕಡಲೆಬೀಜದ ಬೆಣ್ಣೆಯ ಚಾಕೊಲೇಟ್ ಉಂಡೆ. ಲೋವೆಲ್ ಟೈ ಕಟ್ಟಿಕೊಂಡು ನಿಂತಿದ್ದಾನೆ.

"ಸ್ಟಾಪಲ್ಲಿ ಮಗು ಕಾಣ್ಲಿಲ್ಲ ಅಂದ್ರೆ ನಾವು ಡ್ರೈವರ್‌ಗಳು ಏನ್ಮಾಡ್ತೀವಿ ಅಂತ ಹೇಳ್ತೀನಿ," ಎಂದು ಶುರುಮಾಡಿದ. "ಬಸ್ ನಿಲ್ಲಿಸಿ ಮನೆ ಬಾಗಿಲು ನೋಡ್ತೀವಿ. ಮಗೂಗೆ ಜ್ವರ ಗಿರ ಬಂದಿದ್ರೆ ಅವ್ರಮ್ಮ ಬಾಗಿಲಿಗೆ ಬಂದು ಹೀಗೆ ಕೈ ಬೀಸ್ತಾಳೆ. ಇವತ್ತು ಬರಲ್ಲ, ನೀನು ನಡಿ ಅಂತ. ಎರಡು ನಿಮಿಷ ಕಾದ್ರೆ ಸಾಕು ಅನ್ನುತ್ತೆ ರೂಲು. ಆದ್ರೆ ಆ ಕೈ ಕಾಣೋವರ್ಗೂ ಬ್ರೇಕಿಂದ ಕಾಲು ತೆಗೆಯೋಕೆ ನಂಗೆ ಮನಸ್ಸು ಬರಲ್ಲ."

ನಾಲ್ಕನೇ ನಿಮಿಷಕ್ಕೆ ಮೆಷಿನೊಂದು ಗುಂಯ್ ಎಂದು ನಿಂತಿತು. ಹಸಿರು ಕೋಟಿನ ಹೆಂಗಸು ಎದ್ದಳು. "ಒಂದ್ನಿಮ್ಷ ಕಣಪ್ಪಾ, ನನ್ ಬಟ್ಟೆ," ಎಂದು ಹೋಗೇಬಿಟ್ಟಳು. ವಿಡಿಯೊದಲ್ಲಿ ಈಗ ನಾಲ್ಕೇ ಜನ.

ಲೋವೆಲ್ ಮಾತು ನಿಲ್ಲಿಸಿದ. ಕೈ ಕಟ್ಟಿ ನಿಂತ. ಬೇಸ್‌ಬಾಲ್ ಟೋಪಿಯ ಮುದುಕ ಸಿಡುಕಿದ: "ಮುಂದೆ ಹೇಳಯ್ಯಾ, ನಂಗೂ ಮನೆ ಅಂತ ಒಂದಿದೆ."

"ಅವ್ರು ಬರ್ಲಿ ಸಾರ್. ಐದು ಜನ ಇರ್ಬೇಕು."

ಅವಳು ಒಂದೊಂದೇ ಬಟ್ಟೆ ತೆಗೆದು, ಕೊಡವಿ, ಒಣಗಿಸುವ ಮೆಷಿನಿಗೆ ಹಾಕಿ ವಾಪಸು ಬರಲು ಎರಡು ನಿಮಿಷ ನಲವತ್ತು ಸೆಕೆಂಡ್ ಹಿಡಿಯಿತು. ಅಷ್ಟು ಹೊತ್ತೂ ಅವನು ಆ ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತಿದ್ದ. ನನಗೆ ಅದನ್ನು ನೋಡಲಾಗಲಿಲ್ಲ, ಎದ್ದು ಹೋಗಿ ಕಾಫಿ ತಂದೆ. ಬಂದಾಗಲೂ ಅವನು ಹಾಗೇ ನಿಂತಿದ್ದ.

ನಾನು ಚೀಟಿಯ ಮೇಲೆ ಬರೆದೆ: 'ಸುಮ್ಮನೆ ನಿಂತದ್ದು ಭಾಷಣವಲ್ಲ. ಅದನ್ನು ಕಳೆದರೆ ಸರಿಯಾಗಿ ಏಳು ನಿಮಿಷ, ಅಷ್ಟರಲ್ಲೂ ಐದೂ ಜನ ಇದ್ದಾರೆ. ನಡೆಯುತ್ತದೆ.' ಮೇಷ್ಟ್ರು 'ಸಿ' ಗ್ರೇಡ್ ಕೊಟ್ಟರು. ಅಷ್ಟು ಸಾಕಾಗಿತ್ತು. ಆಗಸ್ಟಿನಿಂದ ಮೂರನೇ ತರಗತಿಗೆ ಬಾ ಎಂದು ಶಾಲೆಯಿಂದ ಅವನಿಗೆ ಕಾಗದವೂ ಬಂತು.

ಪದವಿ ಪ್ರದಾನದ ದಿನಕ್ಕೆ ಒಬ್ಬೊಬ್ಬ ವಿದ್ಯಾರ್ಥಿಗೂ ಆರು ಟಿಕೆಟ್ ಕೊಡುತ್ತಾರೆ, ಮನೆಯವರನ್ನು ಕರೆತರಲಿ ಎಂದು. ಎಲ್ಲರಿಗೂ ಆರು ಸಾಲದು, ಇನ್ನೊಂದು ಕೊಡಿ ಎಂದು ಜಗಳಕ್ಕೇ ಬರುತ್ತಾರೆ. ಲೋವೆಲ್ ಬಂದು ಒಂದು ಟಿಕೆಟನ್ನು ನನ್ನ ಕಡೆ ತಳ್ಳಿದ.

"ಇದು ನಿಮ್ಗೆ ಮೇಡಂ. ಮಿಕ್ಕ ಐದು ಲಾಂಡ್ರಿಯೋರಿಗೆ ಕೊಟ್ಟೆ. ಐದೂ ಜನ ಸಿಗೋಕೆ ಮೂರು ಶನಿವಾರ ಹೋಗ್ಬೇಕಾಯ್ತು ನೋಡಿ. ಎಲ್ರೂ ಬರ್ತೀವಿ ಅಂದಿದಾರೆ."

"ಖಂಡಿತಾನಾ?"

"ಆ ಟೋಪಿಯೋರು ಕೂಡ."

ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಣದಲ್ಲಿ ಸಮಾರಂಭ. ನಮ್ಮ ಆರು ಕುರ್ಚಿಗಳು ಮೂರನೇ ಸಾಲಿನಲ್ಲಿ, ವೇದಿಕೆಯ ಮೆಟ್ಟಿಲಿಗೆ ಹತ್ತಿರ. ನಾನು ತುದಿಯದರಲ್ಲಿ ಕೂತೆ, ಪಕ್ಕದ ಐದೂ ಖಾಲಿ ಇದ್ದವು. ಹಿಂದಿನ ಸಾಲಿನಲ್ಲೊಂದು ಕುಟುಂಬ ಎಲ್ಲಿಂದಲೋ ಟಿಕೆಟ್ ಹೊಂದಿಸಿಕೊಂಡು ಹದಿನಾಲ್ಕು ಜನ ಬಂದು ಬಲೂನು ಹಿಡಿದಿತ್ತು. ಆ ಮನೆಯ ಅಜ್ಜಿ ಎರಡು ಸಲ ಕೇಳಿದಳು, "ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ," ಎಂದು ನಾನು ಎರಡು ಸಲವೂ ಹೇಳಿದೆ.

ಅವನ ಹೆಸರು ಕೂಗಿದರು. ಆ ಐದು ಕುರ್ಚಿ ಇನ್ನೂ ಖಾಲಿ. ಮೆಟ್ಟಿಲವರೆಗೆ ಬಂದು ಅವನು ನಿಂತುಬಿಟ್ಟ. ನಮ್ಮ ಸಾಲನ್ನು ನೋಡಿದ, ಆಮೇಲೆ ಅಂಗಣದ ಬಾಗಿಲನ್ನು ನೋಡಿದ. ಹೆಸರನ್ನು ಮತ್ತೆ ಕೂಗಿದರು. ಹಿಂದಿದ್ದ ಹುಡುಗಿ ಮೆಲ್ಲಗೆ ಅವನ ಗೌನು ಎಳೆದಳು. ಎಲ್ಲೋ ಯಾರೋ ನಕ್ಕರು. ಅವನು ಕೈ ಕಟ್ಟಿಕೊಂಡು ಬಾಗಿಲನ್ನೇ ನೋಡುತ್ತಿದ್ದ.

ನಾನು ಎದ್ದು ನಿಂತೆ. ಇಪ್ಪತ್ತೇಳು ವರ್ಷ ಎಷ್ಟು ಜನಕ್ಕೆ ಇಲ್ಲ ಎಂದಿದ್ದೇನೋ, ಈ ಒಂದು 'ಇಲ್ಲ' ಬಾಯಿಬಿಟ್ಟು ಹೇಳುವುದಕ್ಕೆ ಆಗಲಿಲ್ಲ. ಕೈ ಎತ್ತಿ ಬೀಸಿದೆ. ಅವ್ರು ಇವತ್ತು ಬರಲ್ಲ ಲೋವೆಲ್. ನೀನು ನಡಿ.

ಆ ಕಣ್ಣಿಗೆ ನನ್ನ ಮುಖ ಕಂಡಿತೋ ಇಲ್ಲವೋ, ಕೈಯಂತೂ ಕಂಡಿತು. ಸರಿ ಎನ್ನುವಂತೆ ಅವನೂ ಒಂದು ಸಲ ಕೈ ಬೀಸಿ ಮೆಟ್ಟಿಲು ಹತ್ತಿದ.