ಗಂಜಿ ಒಲ್ಲದ ನಾಗವ್ವ

೧೯೪೩ರ ಬೇಸಿಗೆ. ಅಫಜಲಪುರದ ಸರ್ಕಾರಿ ದವಾಖಾನೆಯಲ್ಲಿ ನಾನು ಡಾಕ್ಟರ್. ಯುದ್ಧ ಎಲ್ಲೋ ದೂರದಲ್ಲಿ ನಡೆದಿತ್ತು, ನನ್ನ ಕಪಾಟು ಮಾತ್ರ ಇಲ್ಲಿ ಬರಿದಾಗಿತ್ತು. ಜಾವಾ ಜಪಾನಿನ ಕೈಗೆ ಹೋದ ಮೇಲೆ ಕ್ವಿನೈನ್ ನಿಂತಿತು, ಮಲಯಾ ಹೋದ ಮೇಲೆ ರಬ್ಬರ್ ಟ್ಯೂಬ್ ನಿಂತಿತು. ಉಳಿದಿದ್ದ ಒಂದೇ ಟ್ಯೂಬನ್ನು ಕುದಿಸಿ ಕುದಿಸಿ ಸಲೈನ್ ಏರಿಸುತ್ತಿದ್ದೆ. ಅದು ಯಾವ ಗಳಿಗೆಯಲ್ಲಿ ಸೀಳಿಹೋಗುತ್ತದೋ ಎಂಬ ದಿಗಿಲಿಗೆ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ವರ್ಷ ನಮ್ಮ ತಾಲೂಕಿನದೇ ದತ್ತಕ್ಷೇತ್ರ ಗಾಣಗಾಪುರದಲ್ಲಿ ಭಕ್ತರು ಹೆಚ್ಚಾದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಆದರೂ ಧರ್ಮಶಾಲೆಗಳೆಲ್ಲ ತುಂಬಿದ್ದವು. ಅಲ್ಲಿ ಮಧುಕರಿ ಎಂಬ ಪದ್ಧತಿ ಇದೆ: ಸೇವೆಗೆ ಬಂದವರು ಮಧ್ಯಾಹ್ನ ಐದು ಮನೆಗಳ ಬಾಗಿಲಿಗೆ ಹೋಗಿ ಭಿಕ್ಷೆ ಬೇಡಿ ಉಣ್ಣಬೇಕು. ದತ್ತನೇ ಯಾವುದೋ ವೇಷದಲ್ಲಿ ಬಂದಾನೆಂದು ಊರವರೂ ಇಲ್ಲವೆನ್ನುವುದಿಲ್ಲ. ಭಕ್ತಿ ಹೀಗೆ ಏಕಾಏಕಿ ಯಾಕೆ ಹೆಚ್ಚಿತೆಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಹೈಜಾ, ಅಂದರೆ ಕಾಲರಾ, ಶುರುವಾಯಿತು.

ಗಾಣಗಾಪುರದ ನದಿ ದಂಡೆಯಲ್ಲಿ ತಟ್ಟಿಯ ಗುಡಿಸಲು ಕಟ್ಟಿಸಿ ರೋಗಿಗಳನ್ನು ಬೇರೆ ಇಟ್ಟೆ. ಬಾವಿಗಳಿಗೆ ಕೆಂಪು ಔಷಧ ಹಾಕಿಸಿದೆ. ಮೇಲಿನಿಂದ ಹುಕುಂ ಬಂತು: ಮಧುಕರಿ ಬಂದ್, ಬದಲಿಗೆ ಸರ್ಕಾರಿ ಗಂಜಿ ಕೇಂದ್ರ. ವೈದ್ಯಶಾಸ್ತ್ರ ಒಪ್ಪುವಂಥ ಹುಕುಮೇ. ಐದು ಮನೆಯ ಸಾರು, ಮಜ್ಜಿಗೆ ಒಂದೇ ಪಾತ್ರೆಗೆ ಬಿದ್ದರೆ ಐದು ಮನೆಯ ನೀರೂ ಹೊಟ್ಟೆ ಸೇರುತ್ತದೆ. ಕುದಿಯುವ ಗಂಜಿಯಲ್ಲಿ ಆ ಭಯವಿಲ್ಲ. ನನಗೂ ಸಮಾಧಾನವಾಯಿತು.

ಗಂಜಿ ಬೆಂದಿತು, ಆರಿತು, ಹಳಸಿತು. ಕುಡಿಯುವವರೇ ಬರಲಿಲ್ಲ. ಜನ ಗಂಟು ಕಟ್ಟಿಕೊಂಡು ಹೊರಡತೊಡಗಿದರು. ಅವರಲ್ಲಿ ಯಾರ ಹೊಟ್ಟೆಯಲ್ಲಿ ರೋಗವಿದೆಯೋ, ಯಾವ ಊರಿಗೆ ಒಯ್ಯುತ್ತಾರೋ ತಿಳಿಯದೆ ನಾನು ಕೂತಲ್ಲಿ ಕೂರದಾದೆ.

ಗುಡಿಸಲಿನಲ್ಲಿ ಮಲ್ಲಪ್ಪ ಎಂಬ ನೇಕಾರನಿದ್ದ, ಮಾದನಹಿಪ್ಪರಗಾದವನು. ಸಲೈನ್ ಕೊಟ್ಟು ಉಳಿಸಿದ್ದೆ, ಆದರೆ ಎದ್ದು ಕೂರುವ ತ್ರಾಣವಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅವನ ಹೆಂಡತಿ ನಾಗವ್ವ ಹೆಗಲು ಕೊಟ್ಟು ಅವನನ್ನು ಎಬ್ಬಿಸುತ್ತಿದ್ದಳು. ಅತನೂರಿನಲ್ಲಿ ತಂಗಿಯ ಮನೆಯಿದೆ, ಅಲ್ಲಿಗೆ ಒಯ್ಯುತ್ತೇನೆ ಎಂದಳು. ಒಯ್ದರೆ ದಾರಿಯಲ್ಲೇ ಅವನು ಸಾಯುತ್ತಿದ್ದ. ಬದುಕಿದರೆ ಅತನೂರಿಗೂ ಹೈಜಾ. ನನಗೆ ರೇಗಿಹೋಯಿತು.

"ತಲಿ ಕೆಟ್ಟದೇನ್ ನಿಂದು? ಗಂಜಿ ಅದ, ಔಷಧ ಅದ. ಸುಮ್ಮನ ಇಲ್ಲೇ ಇರಾಕ ಏನ್ ಧಾಡಿ?"

ಅವಳು ತಲೆ ಎತ್ತಲಿಲ್ಲ. "ನೂಲು ಸಿಗವಲ್ದು, ಮಗ್ಗ ನಿಂತು ಭಾಳ ದಿನ ಆತ್ರಿ ಸಾಹೇಬ್ರ. ಮನಿಗಿ ಕೀಲಿ ಹಾಕಿ, ದತ್ತನ ಸೇವಾಕ್ಕ ಹೊಂಟೇವಿ ಅಂತ ಊರಾಗ ಹೇಳಿ ಬಂದೇವ್ರಿ. ಮಧುಕರಿ ಬೇಡಿದ್ರ ಅದು ಸೇವಾ. ಗಂಜಿ ಪಾಳಿಗೆ ನಿಂತ್ರ ಏನಂತಾರ್ರಿ? ಹಸದು ಬಂದಾರ ಅಂತಾರ."

ಧರ್ಮಶಾಲೆ ತುಂಬಿದ್ದು ಭಕ್ತಿಯಿಂದಲ್ಲ, ನೂಲಿಲ್ಲದೆ. ಸಂಜೆಯವರೆಗೆ ತಡೆ ಎಂದು ಅವಳಿಗೆ ಹೇಳಿ ಪೂಜಾರಿಗಳ ಓಣಿಗೆ ಓಡಿದೆ. ಅಲ್ಲಿ ಅಂಬಾಬಾಯಿ ಎಂಬ ಹಿರಿಯ ವಿಧವೆ ಇದ್ದರು. ಮಧುಕರಿಗೆ ಬಂದವರು ಮೊದಲು ನಿಲ್ಲುವುದು ಅವರ ಬಾಗಿಲಲ್ಲೇ. ಸಾರು ಬೇಡ, ಮಜ್ಜಿಗೆ ಬೇಡ, ಹಂಚಿನಿಂದ ಇಳಿದ ಬಿಸಿ ರೊಟ್ಟಿ ಮಾತ್ರ ಹಾಕುತ್ತೀರಾ ಎಂದು ಕೇಳಿದೆ.

"ಬಾಗಿಲಿಗೆ ಬಂದವರನ್ನ ಹಂಗ ಕಳಸಿ ನನಗ ಊಟನ ಸೇರವಲ್ದು. ಹಾಕ್ತೇನ್ರಿ," ಎಂದರು. "ಆದರ ಜೋಳ ಎಲ್ಲದ? ನಮ್ಮ ಡಬ್ಬಿನೂ ತಳ ಕಂಡದ."

ಜೋಳವಿದ್ದದ್ದು ಗಂಜಿ ಕೇಂದ್ರದಲ್ಲಿ. ಅದನ್ನು ಆ ಓಣಿಯ ಮನೆಗಳಿಗೆ ಹಂಚಬೇಕೆಂದಾಗ ಕೇಂದ್ರದ ಅಧಿಕಾರಿ ಹೌಹಾರಿದ.

"ಸರ್ಕಾರಿ ಜೋಳ ಮಂದಿ ಮನಿಗಿ ಹೋದ್ರ ಹಿಸಾಬು ಯಾರು ಕೊಡಬೇಕ್ರಿ?"

"ಹೈಜಾ ಊರೂರಿಗೆ ಹೋದ್ರ ಅದರ ಹಿಸಾಬು ಯಾರು ಕೊಡ್ತಾರ್ರಿ?"

ಅವನು ಉಗ್ರಾಣದ ಕೀಲಿಯನ್ನು ಮೇಜಿನ ಮೇಲಿಟ್ಟು, ನಾನೇನೂ ನೋಡಿಲ್ಲ ಎಂದು ಹೊರಗೆ ಹೋದ.

ಅಂದು ಮಧ್ಯಾಹ್ನ ನಾಗವ್ವ ಐದು ಮನೆಗಳ ಮೆಟ್ಟಿಲು ಹತ್ತಿ ಇಳಿದಳು. ಸೆರಗಿನಲ್ಲಿ ಸುತ್ತಿ ತಂದ ರೊಟ್ಟಿಯನ್ನು ನಾನು ಕುದಿಸಿಟ್ಟ ನೀರಿನಲ್ಲಿ ಕಿವುಚಿ ಗಂಡನಿಗೆ ಉಣಿಸಿದಳು. ನೋಡಿದರೆ ಅದೂ ಗಂಜಿಯೇ. ಜನ ಹೊರಡುವುದು ನಿಂತಿತು.

ಆದರೆ ಅಷ್ಟರೊಳಗೆ ಹೊರಟುಹೋಗಿದ್ದವರು ಅತನೂರು ಮುಟ್ಟಿದ್ದರು, ಅಲ್ಲೂ ಹೈಜಾ ಎದ್ದಿತ್ತು. ಟ್ಯೂಬು ತೆಗೆದುಕೊಂಡು ಹೋದೆ. ಎಲ್ಲರನ್ನೂ ಉಳಿಸಲಾಗಲಿಲ್ಲ. ಹುಕುಂ ಬಂದ ದಿನವೇ ನಾಗವ್ವನನ್ನು ಕೇಳಿದ್ದರೆ ಎಂದು ಈಗಲೂ ಮನಸ್ಸು ಕುದಿಯುತ್ತದೆ.

ಮಳೆ ಬೀಳುವ ಹೊತ್ತಿಗೆ ಹೈಜಾ ಇಳಿಯಿತು. ಮಲ್ಲಪ್ಪ ಓಡಾಡುವಂತಾಗಿದ್ದ. ಜಡ್ಡು ವಾಸಿಯಾಗಿದೆ, ಇನ್ನು ಊರಿಗೆ ಹೋಗಬಹುದು ಎಂದೆ. ಖುಷಿಪಡುತ್ತಾನೆಂದುಕೊಂಡಿದ್ದೆ. ಅವನು ಕೈ ಮುಗಿದ.

"ಊರಾಗ ನೂಲು ಇನ್ನೂ ಬಂದಿಲ್ರಿ ಸಾಹೇಬ್ರ. ಇನ್ನಷ್ಟು ದಿನ ಜಡ್ಡದ ಅಂತ ಬರಕೊಳ್ರಿ."

ನಿಶ್ಶಕ್ತಿ ಎಂದು ಬರೆದುಕೊಂಡೆ. ಸುಳ್ಳೇನೂ ಅಲ್ಲ.

ಮುಂದೆ ಜೇವರ್ಗಿಗೆ ವರ್ಗವಾಯಿತು. ಮೊದಲ ದಿನ ದವಾಖಾನೆಗೆ ಹೋಗುವ ಮುಂಚೆ ಬಜಾರಕ್ಕೆ ಹೋಗಿ ಜೋಳದ ಧಾರಣೆ ಕೇಳಿದೆ, ನೂಲಿನ ಧಾರಣೆ ಕೇಳಿದೆ. ಅಂಗಡಿಯವನು ನನ್ನ ಕೈಯಲ್ಲಿದ್ದ ಔಷಧದ ಪೆಟ್ಟಿಗೆ ನೋಡಿ ನಕ್ಕ.

"ಡಾಕ್ಟರ್ ಸಾಹೇಬ್ರ, ವ್ಯಾಪಾರ ಮಾಡಾಕ ಬಂದೀರೇನ್ರಿ?"

"ಇಲ್ಲಪ್ಪ," ಎಂದೆ. "ಮುಂದ ಯಾವ ಜಡ್ಡು ಬರ್ತದ ಅಂತ ನೋಡಾಕತ್ತೇನಿ."